ಬಂಗುಡೆ ಸುಡಲು ಹೋಗಿ ಮಾವನವರ ಮುಂಡಿಗೆ ಬೂದಿ: ತಪ್ಪಿದ್ದೆಲ್ಲಿ?

ಕುಂಬಳೆಯ ಅಳಿಯ:
ನಮಸ್ಕಾರ. ಕೇರಳದ 52 ದಿನಗಳ ಟ್ರಾಲಿಂಗ್ (ಯಾಂತ್ರಿಕ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಜುಲೈ 31ಕ್ಕೆ ಮುಗಿದ ಮರುವಾರ, ಮಳೆ ಬಿಟ್ಟ ಒಂದು ಸಂಜೆ, ಹೆಂಡತಿಯ ತವರಿನ ಹಿತ್ತಲಲ್ಲಿ ನಾಲ್ಕು ಕೆಂಪುಕಲ್ಲುಗಳನ್ನಿಟ್ಟು, ಕೋಳಿಗೂಡಿಗೆ ತಂದು ಉಳಿದಿದ್ದ ತಂತಿಬಲೆಯನ್ನು ಅದರ ಮೇಲೆ ಹಾಸಿ ಮೀನು ಸುಡಲು ಹೊರಟೆ. ಗೆರಟೆ (ತೆಂಗಿನ ಚಿಪ್ಪು) ತುಂಬಿಸಿ ಹೊತ್ತಿಸಿ, ಬೆಂಕಿ ಎದ್ದದ್ದೇ ತಡ, ಮಸಾಲೆ ಮೆತ್ತಿ ತೆಂಗಿನೆಣ್ಣೆಯಲ್ಲಿ ಮೀಯಿಸಿದ್ದ 14 ಬಂಗುಡೆಗಳನ್ನು ಒಟ್ಟಿಗೇ ಮೇಲೇರಿಸಿದೆ. ಎಣ್ಣೆ ತೊಟ್ಟಿಕ್ಕಿ ಬೆಂಕಿ ಸೊಂಟದೆತ್ತರಕ್ಕೆ ಭುಗಿಲೆದ್ದಿತು. ಮದುವೆಯೊಂದರ ಔತಣಕ್ಕೆಂದು ಹೊಸ ಬಿಳಿ ಮುಂಡು ಉಟ್ಟು ಜಗಲಿಯಲ್ಲಿ ಕುಳಿತಿದ್ದ ಮಾವನವರು ಬಾವಿಕಟ್ಟೆಯ ಕೊಡಪಾನವನ್ನೆತ್ತಿ ತಂದು ಒಂದೇ ಸಲಕ್ಕೆ ಸುರಿದುಬಿಟ್ಟರು. ಬುಸ್ಸೆಂದು ಎದ್ದ ಬೂದಿ ಅವರ ಮುಂಡು, ನನ್ನ ಮುಖ, ಹಗ್ಗದಲ್ಲಿ ಒಣಗುತ್ತಿದ್ದ ಅತ್ತೆಯವರ ಸೀರೆ, ಎಲ್ಲದರ ಮೇಲೂ ಕುಳಿತಿತು. ಅಷ್ಟರಲ್ಲಿ, ಬಚ್ಚಲಿಗೆ ಬೆಂಕಿ ಬಿದ್ದಿದೆಯೆಂದುಕೊಂಡ ಆಚೆಮನೆಯವರು ಬೇಲಿ ದಾಟಿ ಬಂದು, ನಾನು ಬೇಡ ಬೇಡವೆನ್ನುತ್ತಿದ್ದಂತೆಯೇ ಇನ್ನೊಂದು ಬಾಲ್ದಿ ನೀರು ಹೊಯ್ದರು. ಮೀನಿನ ಚರ್ಮ ಕರಿ, ಒಳಗೆ ಹಸಿ. ಮಾವನವರು ಹೇಳಿದ್ದಿಷ್ಟೆ: "ಒಳಗೆ ಬನ್ನಿ, ಗಂಜಿ ಉಂಟು, ಉಪ್ಪಿನಕಾಯಿಯೂ ಉಂಟು." ಓಣಂ ರಜೆಯಲ್ಲಿ ಮತ್ತೊಮ್ಮೆ ಪ್ರಯತ್ನಿಸಬೇಕೆಂದಿದ್ದೇನೆ. ಸರಿಯಾದ ಕ್ರಮ ತಿಳಿಸಿ.

ಉಪ್ಪಳದ ಅಕ್ಕ:
ಮಾವನವರದು ತಪ್ಪಿಲ್ಲ ತಮ್ಮಾ, ನಿಮ್ಮ ಅವಸರದ್ದು. ಗೆರಟೆಯ ಉರಿಯಲ್ಲಿ ಮೀನು ಸುಡುವುದಲ್ಲ, ಅದರ ಕೆಂಡದಲ್ಲಿ ಸುಡುವುದು. ಹೊಗೆ ಹೋಗಿ, ಕೆಂಡದ ಮೇಲೆ ಬೂದಿ ಬೆಳ್ಳಗೆ ಹೊದೆಯುವ ತನಕ ಕಾಯಬೇಕು. ಆಮೇಲೆ ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿದರೆ, ಬೆಂಕಿ ಎದ್ದಾಗ ಮೀನನ್ನು ಎಳೆದಿಡಲು ಇನ್ನೊಂದು ಬದಿ ಇರುತ್ತದೆ. ಬಂಗುಡೆಯಲ್ಲಿ ಅದರದೇ ನೆಣ ಸಾಕಷ್ಟಿದೆ. ಎಣ್ಣೆಯನ್ನು ಕೈಯಲ್ಲಿ ಸವರಿದರೆ ಸಾಕು. ಬಾಡಿಸಿದ ಬಾಳೆಲೆಯಲ್ಲಿ ಸುತ್ತಿಟ್ಟರೆ ನೆಣ ಕೆಂಡಕ್ಕೆ ಬೀಳುವುದೂ ಇಲ್ಲ.

ಪೆರ್ಲದ ವೆಲ್ಡರ್:
ನನಗೆ ಮುಂಡಿಗಿಂತ ಆ ಬಲೆಯ ಚಿಂತೆ ಹೆಚ್ಚು. ಕೋಳಿಗೂಡಿನ ತಂತಿಗೆ ಸಾಮಾನ್ಯವಾಗಿ ಸತುವಿನ ಲೇಪವಿರುತ್ತದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಊದಿದ ಕೆಂಡದ ಕಾವು ಅದನ್ನು ಮೀರುತ್ತದೆ. ಅದರ ಹೊಗೆ ಕುಡಿದರೆ ಚಳಿಜ್ವರ ಬರುವುದನ್ನು ನಮ್ಮ ಕೆಲಸದವರು ಚೆನ್ನಾಗಿ ಬಲ್ಲರು. ಹಾಗಾಗಿ ಆ ಮೀನು ಹಾಳಾದದ್ದೇ ಒಳ್ಳೆಯದಾಯಿತು. ಸ್ಟೀಲಿನ ಬಲೆ ತನ್ನಿ. ಕೆಂಪುಕಲ್ಲಿನ ತೂತುಗಳಲ್ಲಿ ಮಳೆನೀರು ಉಳಿದಿದ್ದರೆ ಕಾದಾಗ ಕಲ್ಲು ಸಿಡಿಯಬಹುದು. ಕೊಟ್ಟಿಗೆಯೊಳಗಿನ ಒಣಗಿದ ಕಲ್ಲನ್ನೇ ಬಳಸಿ.

ಮಂಜೇಶ್ವರದಿಂದ ಒಬ್ಬ ಮೇಷ್ಟ್ರು:
ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕೆಂಡದ ಮೇಲೆ ಕೊಡಪಾನ ಸುರಿದರೆ ಬೂದಿ ಹಾರದೆ ಇನ್ನೇನಾದೀತು? ಎಣ್ಣೆಯ ಬೆಂಕಿಗಂತೂ ನೀರು ತಾಗಿಸಲೇಬಾರದು. ಒಣ ಮರಳನ್ನು ಬಾಲ್ದಿಯಲ್ಲಿ ತುಂಬಿಸಿ ಪಕ್ಕದಲ್ಲಿಡಿ, ಆಚೆಮನೆಯವರಿಗೂ ಮೊದಲೇ ತಿಳಿಸಿಡಿ.

ಕುಂಬಳೆಯ ಅಳಿಯ:
ಎಲ್ಲರಿಗೂ ಧನ್ಯವಾದ. ಸ್ಟೀಲಿನ ಬಲೆ ಬಂದಿದೆ, ಮರಳೂ ಸಿದ್ಧವಾಗಿದೆ. ಆಚೆಮನೆಯವರು ಈ ಸಲ ಬಾಲ್ದಿಯ ಬದಲು ತಟ್ಟೆ ತರುತ್ತಾರಂತೆ. ಮಾವನವರು ಮಾತ್ರ ಆ ದಿನ ಹಳೆಯ ಬೈರಾಸು (ಟವೆಲು) ಉಟ್ಟುಕೊಳ್ಳುತ್ತಾರಂತೆ.