ನೊಣದ ಔಷಧಿ ಮತ್ತು ಸಗಣಿ ಜೀರುಂಡೆ: ನಮ್ಮ ಕಡೆಯ ಅನುಭವ

ಮೇಯಲು ಹೋಗುವ ಹಸುಗಳಿಗೆ ನೊಣ ಮತ್ತು ಉಣ್ಣೆಯ ಕಾಟ ಹೆಚ್ಚಾಗಿದೆ, ಕೀಟಗಳ ಬೆಳವಣಿಗೆಯನ್ನು ತಡೆಯುವ ಔಷಧಿ ಕೊಟ್ಟರೆ ಸಗಣಿ ಜೀರುಂಡೆಗಳಿಗೆ ತೊಂದರೆಯಾಗುವುದೇ ಎಂದು ಕೇಳಿದ್ದೀರಿ. ಜೀರುಂಡೆಗಳು ಸಾಯುವುದಿಲ್ಲ, ಧೈರ್ಯವಾಗಿ ಬಳಸಿ ಎಂದು ಒಬ್ಬರು ಉತ್ತರಿಸಿದ್ದಾರೆ. ಬೆಳೆದ ಜೀರುಂಡೆಗಳ ಮಟ್ಟಿಗೆ ಅವರ ಮಾತು ಬಹುಪಾಲು ಸರಿ. ಆದರೆ ನಾವು ನೋಡಬೇಕಾದದ್ದು ಮಣ್ಣಿನೊಳಗಿರುವ ಮರಿಹುಳುಗಳನ್ನು.

ಇಂಥ ಔಷಧಿಗಳಲ್ಲಿ ಡೈಫ್ಲುಬೆನ್ಜುರಾನ್ ಮತ್ತು ಫ್ಲುವಾಜುರಾನ್ ಕೀಟದ ಹೊರಕವಚಕ್ಕೆ ಬೇಕಾದ ಕೈಟಿನ್ ಎಂಬ ವಸ್ತು ಉಂಟಾಗದಂತೆ ತಡೆಯುತ್ತವೆ. ಮೆಥೋಪ್ರೀನ್ ಎಳೆಯ ಕೀಟದ ಹಾರ್ಮೋನಿನಂತೆ ನಟಿಸಿ ಅದು ಪ್ರೌಢವಾಗದಂತೆ ಮಾಡುತ್ತದೆ. ನೊಣದ ಮರಿಯಂತೆಯೇ ಜೀರುಂಡೆಯ ಮರಿಯೂ ಪೊರೆ ಕಳಚಿಯೇ ಬೆಳೆಯಬೇಕು. ತಾಯಿ ಜೀರುಂಡೆ ಸಗಣಿಯನ್ನು ನೆಲದೊಳಗೆ ಎಳೆದು, ಉಂಡೆ ಕಟ್ಟಿ, ಒಂದೊಂದರಲ್ಲಿ ಒಂದೊಂದೇ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿಗೆ ಆ ಉಂಡೆಯ ಹೊರತು ಬೇರೆ ಆಹಾರವಿಲ್ಲದ ಕಾರಣ, ಸಗಣಿಯಲ್ಲಿ ಔಷಧಿಯ ಶೇಷವಿದ್ದರೆ ಅದನ್ನು ತಿನ್ನದೆ ವಿಧಿಯಿಲ್ಲ. ನೊಣ ಒಂದೇ ಸಲಕ್ಕೆ ನೂರರಷ್ಟು ಮೊಟ್ಟೆಯಿಟ್ಟು ಬೇಗನೆ ಚೇತರಿಸಿಕೊಳ್ಳುತ್ತದೆ, ಜೀರುಂಡೆಗೆ ಆ ಅನುಕೂಲವಿಲ್ಲ.

ನಮ್ಮ ಪಕ್ಕದ ತೋಟದವರು ಮಳೆಗಾಲದಲ್ಲಿ ಡೈಫ್ಲುಬೆನ್ಜುರಾನನ್ನು ಹಿಂಡಿಯಲ್ಲಿ ಬೆರೆಸಿ ಕೊಡುತ್ತಿದ್ದಾಗ ಸಗಣಿಗೆ ಜೀರುಂಡೆಗಳು ಎಂದಿನಂತೆಯೇ ಬರುತ್ತಿದ್ದವು. ಆದರೆ ಅಡಿಯ ಉಂಡೆಗಳನ್ನು ಬಿಡಿಸಿ ನೋಡಿದಾಗ ಪೊರೆ ಅರ್ಧ ಕಳಚಿ ಸತ್ತ ಮರಿಗಳು ಕಂಡವು. ನಮ್ಮ ಹಸುಗಳ ಸಗಣಿಯಡಿಯಲ್ಲಿ ಅಂಥವು ಕಾಣಲಿಲ್ಲ. ಒಂದೆರಡು ಕೊಟ್ಟಿಗೆಗಳ ಈ ಅನುಭವವನ್ನು ಎಲ್ಲ ಔಷಧಿಗಳಿಗೂ ಅನ್ವಯಿಸಲಾಗದು, ಆದರೂ ಹಿಂಡಿಯಲ್ಲಿ ನಿತ್ಯ ಬೆರೆಸುವ ಪದ್ಧತಿಯನ್ನು ಮೇಯುವ ಹಸುಗಳಿಗೆ ನಾನು ಒಪ್ಪಲಾರೆ, ಏಕೆಂದರೆ ಆಗ ಗೋಮಾಳದಲ್ಲಿ ಶುದ್ಧವಾದ ಸಗಣಿಯೇ ಉಳಿಯುವುದಿಲ್ಲ.

ಮನೆನೊಣವೇ ಮುಖ್ಯ ತೊಂದರೆಯಾಗಿದ್ದರೆ ಔಷಧಿಗಿಂತ ಮೊದಲು ತಿಪ್ಪೆಯ ಕಡೆ ಗಮನ ಕೊಡಿ. ಬೆಚ್ಚಗಿನ ದಿನಗಳಲ್ಲಿ ಅದರ ಮೊಟ್ಟೆ ನೊಣವಾಗಲು 7ರಿಂದ 10 ದಿನ ಸಾಕಾಗುವುದರಿಂದ, ಕೊಟ್ಟಿಗೆಯ ಸಗಣಿಯನ್ನು ವಾರಕ್ಕೆ ಎರಡು ಸಲವಾದರೂ ತೆಗೆದು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿದರೆ ಸಂತತಿ ಮುರಿಯುತ್ತದೆ. ಬಯಲಿನಲ್ಲಿ ಈ ಕೆಲಸವನ್ನು ಜೀರುಂಡೆಗಳೇ ಮಾಡುತ್ತವೆ. ಆಸ್ಟ್ರೇಲಿಯಾದವರು ಸಗಣಿಯಲ್ಲಿ ಹುಟ್ಟುವ ನೊಣಗಳನ್ನು ತಗ್ಗಿಸಲೆಂದೇ 1960ರ ದಶಕದ ಕೊನೆಯಿಂದ ಹೊರದೇಶಗಳ ಜೀರುಂಡೆಗಳನ್ನು ತರಿಸಿ ಬಿಟ್ಟರು.

ಉಣ್ಣೆಯ ಮಾತು ಬೇರೆ. ಬೆನ್ನಿನ ಮೇಲೆ ಸುರಿಯುವ ಫ್ಲುವಾಜುರಾನ್ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ ಉಳಿಯುತ್ತದೆ, ಹಾಲಿಗೂ ಬರುತ್ತದೆ. ಆದ್ದರಿಂದ ಕರೆಯುವ ಹಸುಗಳಿಗೆ ಅದು ಬೇಡ. ಗಬ್ಬವಿಲ್ಲದ ಕಡಸುಗಳಿಗೆ ಪಶುವೈದ್ಯರ ಸಲಹೆಯಂತೆ ಹಾಕಲೇಬೇಕಾದರೆ, ಜೀರುಂಡೆಗಳ ಓಡಾಟ ಕಡಿಮೆಯಿರುವ ಒಣ ತಿಂಗಳುಗಳಲ್ಲಿ ಹಾಕಿಸಿ, ಕಾಟ ಹೆಚ್ಚಿರುವವುಗಳಿಗೆ ಮಾತ್ರ ಹಾಕಿಸಿ, ಉಳಿದವನ್ನು ಹಾಗೆಯೇ ಮೇಯಲು ಬಿಡಿ.

ಔಷಧಿ ಹಾಕಿದ ಮೇಲೆ, ಹಾಕಿಸಿಕೊಂಡ ಮತ್ತು ಹಾಕದ ಹಸುಗಳ ಎರಡೂ ಬಗೆಯ ಸಗಣಿಯ ಅಡಿಯಿಂದ ಉಂಡೆಗಳನ್ನು ಅಗೆದು, ಬೇರೆ ಬೇರೆ ಬಕೆಟ್ಟುಗಳ ಹಸಿ ಮಣ್ಣಿನಲ್ಲಿ ಹೂತು, ಮೇಲೆ ಸೊಳ್ಳೆಪರದೆಯ ಬಟ್ಟೆ ಕಟ್ಟಿಡಿ. ಸಣ್ಣ ಜಾತಿಯವು ಸುಮಾರು ಒಂದು ತಿಂಗಳಲ್ಲಿ ಹೊರಬರತೊಡಗುತ್ತವೆ. ಎರಡರಲ್ಲೂ ಎಷ್ಟೆಷ್ಟು ಹೊರಬಂದವು, ಬಳಸಿದ ಔಷಧಿ ಯಾವುದು, ಯಾವ ತಿಂಗಳು ಎಂಬುದನ್ನು ದಯವಿಟ್ಟು ಇಲ್ಲಿಯೇ ಬರೆಯಿರಿ.