ಪದಚರ್ಚೆ: ತೊಳೆದ ಟ್ಯಾಂಕಿನೊಳಗೆ ಆಗಲೇ ಹಿಡಿಯುವ ತುಕ್ಕಿಗೆ ಏನನ್ನೋಣ?

ಗೆಳೆಯರೇ,

ಬೈಕಿನ ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕು ತೆಗೆಯುವ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ನನ್ನ ಬೈಕಿನ ಟ್ಯಾಂಕನ್ನೇ ಬಿಚ್ಚಿ ತೊಳೆದು, ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತಾ ಹೋದೆ. ಕೆಲಸ ಎರಡು ದಿನದಲ್ಲಿ ಮುಗಿಯಿತು. ಬರಹ ಮಾತ್ರ ಒಂದು ಪದದ ಹತ್ತಿರ ಬಂದು ನಿಂತಿದೆ.

ಆಗಿದ್ದು ಇಷ್ಟು. ಉಳಿದ ಪೆಟ್ರೋಲ್ ಬಸಿದು, ಸೋಪಿನ ನೀರಲ್ಲಿ ತೊಳೆದು, ಟ್ಯಾಂಕಿನ ತುಂಬ ವಿನೆಗರ್ ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದು ಹಿಡಿ ನಟ್ಟು ಬೋಲ್ಟು ಒಳಗೆ ಹಾಕಿ, ಟ್ಯಾಂಕನ್ನು ಎದೆಗೆ ಅವುಚಿಕೊಂಡು ಚೆನ್ನಾಗಿ ಕುಲುಕಿದೆ. ಬಗ್ಗಿಸಿದಾಗ ಇಟ್ಟಿಗೆ ಪುಡಿ ಕಲಸಿದಂಥ ರಾಡಿ ಬಂತು. ಎರಡು ಸಲ ನೀರು ಹಾಕಿ ಚೆಲ್ಲಿ, ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಬೂದುಬಣ್ಣದ ಬರಿ ತಗಡು. ಖುಷಿಯಾಯಿತು. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬಂದು ಮತ್ತೆ ಟಾರ್ಚ್ ಬಿಟ್ಟೆ. ಅದೇ ತಗಡಿನ ಮೇಲೆ ಅರಿಸಿನದ ಕೈ ಸವರಿದ ಹಾಗೆ ತೆಳ್ಳಗೆ ಕಿತ್ತಳೆ ಬಣ್ಣ ಕೂತಿತ್ತು. ಬೆರಳು ತೂರಿಸಿ ಮುಟ್ಟಿದರೆ ಪುಡಿ ಬೆರಳಿಗೆ ಹತ್ತಿತು.

ಇದಕ್ಕೆ ಇಂಗ್ಲಿಷಿನಲ್ಲಿ ಫ್ಲ್ಯಾಶ್ ರಸ್ಟ್ ಅನ್ನುತ್ತಾರೆ. ಹುಳಿಯಲ್ಲಿ ತೊಳೆದ ಕಬ್ಬಿಣಕ್ಕೆ ಮೈಮೇಲೆ ಯಾವ ಹೊದಿಕೆಯೂ ಇರುವುದಿಲ್ಲ. ನೀರಿನ ಪಸೆ, ಗಾಳಿ ಎರಡೂ ಸಿಕ್ಕರೆ ಕೆಲವೇ ನಿಮಿಷದಲ್ಲಿ ತುಕ್ಕು ಶುರುವಾಗುತ್ತದೆ. ಹುಳಿ ಸ್ವಲ್ಪ ಉಳಿದಿದ್ದರೂ ಇನ್ನೂ ಬೇಗ. ಅದಕ್ಕೇ ಕೊನೆಯಲ್ಲಿ ಅಡುಗೆ ಸೋಡಾ ಕಲಸಿದ ನೀರು ಹಾಕಬೇಕು, ಕೂಡಲೇ ಒಣಗಿಸಬೇಕು, ಒಣಗಿದ ತಕ್ಷಣ ಒಳಗೆ ಎಣ್ಣೆ ಸವರಬೇಕು. ಇದನ್ನೆಲ್ಲ ಬರೆಯಬಹುದು. ಆದರೆ ಆ ಕಿತ್ತಳೆ ಬಣ್ಣದ್ದಕ್ಕೆ ಹೆಸರೇನು?

ಮೊದಲು "ದಿಢೀರ್ ತುಕ್ಕು" ಅಂತ ಬರೆದೆ. ಅದು ಬೇಗ ಬರುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ತೆಳ್ಳಗಿದೆ, ಇನ್ನೂ ಬೇರು ಬಿಟ್ಟಿಲ್ಲ ಅನ್ನುವುದು ಬರುವುದಿಲ್ಲ. "ಮರುತುಕ್ಕು" ಅಂದರೆ ಹೋದದ್ದೇ ತಿರುಗಿ ಬಂತು ಅನ್ನುವ ಅರ್ಥ ಬರುತ್ತದೆ, ಅದು ಸರಿಯಲ್ಲ. ಮುಂಚೆ ತುಕ್ಕೇ ಹಿಡಿಯದ ಹೊಸ ತಗಡನ್ನು ಹುಳಿಯಲ್ಲಿ ತೊಳೆದು ಹಸಿಯಾಗಿ ಬಿಟ್ಟರೂ ಹೀಗೇ ಆಗುತ್ತದೆ. "ಹಸಿತುಕ್ಕು" ಸ್ವಲ್ಪ ಹತ್ತಿರ ಬಂತು, ಹಸಿ ಗಾಯ ಅನ್ನುತ್ತೇವಲ್ಲ ಹಾಗೆ. ಆದರೆ ಓದುವವರು ಒದ್ದೆ ತುಕ್ಕು ಅಂದುಕೊಂಡರೆ? ಇದು ಒಣಗಿದ ಮೇಲೂ ಇರುತ್ತದೆ.

ಈಗ ನನ್ನ ಮನಸ್ಸು "ಎಳೆತುಕ್ಕು" ಅನ್ನುವುದರ ಮೇಲಿದೆ. ಎಳೆಬಿಸಿಲು, ಎಳೆಗರು, ಎಳೆಗೆಂಪು ಇದ್ದ ಹಾಗೆ. ಹೊಸದು, ತೆಳು, ತಿಳಿಬಣ್ಣದ್ದು, ಮೂರೂ ಒಂದೇ ಮಾತಲ್ಲಿ ಬಂತು. ಅದರ ಜೋಡಿಯೂ ತಾನಾಗಿ ಸಿಕ್ಕಿತು: "ಬಲಿತ ತುಕ್ಕು". ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತು, ಕಂದಾಗಿ, ಚಕ್ಕೆ ಚಕ್ಕೆಯಾಗಿ ಏಳುತ್ತದಲ್ಲ, ಅದು ಬಲಿತದ್ದು. ಎಳೆತುಕ್ಕನ್ನು ಇನ್ನೊಂದು ಸಲ ಹುಳಿ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಕಳೆಯಬಹುದು. ಬಲಿತದ್ದಕ್ಕೆ ರಾತ್ರಿಯಿಡೀ ನೆನೆಯಬೇಕು. ಕೆಲವೊಮ್ಮೆ ಅದನ್ನು ತೆಗೆದ ಮೇಲೆ ತಗಡಿನಲ್ಲಿ ಸೂಜಿಮೊನೆಯಷ್ಟು ತೂತು ಕಾಣುತ್ತದೆ, ಪೆಟ್ರೋಲ್ ಜಿನುಗುತ್ತದೆ. ಅಷ್ಟು ದಿನ ತೂತನ್ನು ಮುಚ್ಚಿಕೊಂಡಿದ್ದುದು ತುಕ್ಕೇ. ಇಲ್ಲಿ "ಸೋರುತ್ತದೆ" ಅಂತ ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಸೋರಿದರೆ ಹನಿ ಬೀಳಬೇಕು. ಇಲ್ಲಿ ಹೊರಗಿನ ಬಣ್ಣದ ಮೇಲೆ ಒದ್ದೆ ಕಲೆಯಷ್ಟೇ ಹರಡುತ್ತದೆ.

ಇನ್ನೊಂದು ವಿಚಾರ, ಇದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಕೇಳುತ್ತೇನೆ. "ಟ್ಯಾಂಕಿಗೆ ಕಿಲುಬು ಹಿಡಿದಿದೆ" ಅಂತ ಬರೆಯುವವರಿದ್ದಾರೆ. ಕಿಲುಬು ತಾಮ್ರಕ್ಕೆ, ಹಿತ್ತಾಳೆಗೆ ಹಿಡಿಯುವ ಹಸಿರು. ಟ್ಯಾಂಕ್ ಕಬ್ಬಿಣದ ತಗಡಿನದು, ಅದಕ್ಕೆ ಹಿಡಿಯುವುದು ತುಕ್ಕು. ತೆಲುಗಿನಲ್ಲಿ ತುಪ್ಪು, ತಮಿಳಿನಲ್ಲಿ ತುರು, ಮಲಯಾಳದಲ್ಲಿ ತುರುಂಬು, ಎಲ್ಲ ಕಬ್ಬಿಣದ್ದೇ. ಫಾರ್ಸಿಯಿಂದ ಬಂದ ಜಂಗು ಕೂಡ ತುಕ್ಕಿನ ಜಾಗದಲ್ಲಿ ನಡೆಯುತ್ತದೆ, ನನ್ನದೇನೂ ತಕರಾರಿಲ್ಲ. ಕಿಲುಬು ಮಾತ್ರ ಬೇರೆಯೇ ಇರಲಿ. ಯಾಕೆಂದರೆ ಒಂದೇ ಬೈಕಿನಲ್ಲಿ ಎರಡೂ ಪದ ಬೇಕಾಗುತ್ತವೆ. ಹಳೇ ಪೆಟ್ರೋಲ್ ನಿಂತ ಕಾರ್ಬುರೇಟರ್ ಬಿಚ್ಚಿ ಅದರ ಹಿತ್ತಾಳೆ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ನೋಡಿ. ತೂತಿನ ಸುತ್ತ ಹಸಿರು ಕಟ್ಟಿರುತ್ತದೆ. ಅದು ಕಿಲುಬು. ಟ್ಯಾಂಕಿನಿಂದ ಇಳಿದು ಬಂದು ಅದೇ ಜೆಟ್ಟಿನ ತೂತು ಕಟ್ಟುವ ಕೆಂಪು ಪುಡಿ ತುಕ್ಕು. ಎರಡಕ್ಕೂ ಒಂದೇ ಹೆಸರು ಹೇಳಿದರೆ ತಪ್ಪು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ?

ನಿಜಕ್ಕೂ ತೊಂದರೆ ಕೊಡುವ ಪದ "ತುಕ್ಕು ನಿವಾರಕ". ನೋವು ನಿವಾರಕ ಅಂದರೆ ಬಂದ ನೋವನ್ನು ಕಳೆಯುವುದು. ಸೊಳ್ಳೆ ನಿವಾರಕ ಅಂದರೆ ಸೊಳ್ಳೆ ಹತ್ತಿರ ಬರದಂತೆ ಮಾಡುವುದು. ಹಾಗಾದರೆ ತುಕ್ಕು ನಿವಾರಕ ಯಾವುದು? ಹಿಡಿದದ್ದನ್ನು ತೆಗೆಯುವುದೋ, ಹಿಡಿಯದಂತೆ ತಡೆಯುವುದೋ? ಟ್ಯಾಂಕಿನ ಕೆಲಸದಲ್ಲಿ ಇವೆರಡೂ ಬೇರೆ ಬೇರೆ ದ್ರವ. ಒಂದರ ಬದಲು ಇನ್ನೊಂದನ್ನು ಸುರಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಸಾಲದ್ದಕ್ಕೆ ಮೂರನೆಯದೂ ಒಂದಿದೆ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕರಗಿಸುವುದರ ಜೊತೆಗೆ ಉಳಿದದ್ದನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಮೇಲೆ ಬೂದುಗಪ್ಪು ಪದರ ಉಳಿಯುತ್ತದೆ, ಅದು ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ ಕೂಡ. ನಾನು ಸುಮ್ನೆ "ತುಕ್ಕು ತೆಗೆಯುವ ದ್ರವ", "ತುಕ್ಕು ತಡೆಯುವ ಲೇಪ", "ತುಕ್ಕು ಮಾರ್ಪಡಿಸುವ ದ್ರವ" ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರೂ ತಪ್ಪು ಡಬ್ಬಿ ಎತ್ತಿಕೊಳ್ಳುವುದಿಲ್ಲ. ಇದಕ್ಕಿಂತ ಚಿಕ್ಕದು ಸಿಕ್ಕರೆ ಹೇಳಿ.

ಕೊನೆಗೆ ಒಂದು ಕ್ರಿಯಾಪದ. ಟ್ಯಾಂಕಿನೊಳಗೆ ಕೈ ಹೋಗುವುದಿಲ್ಲ. ಹಾಗಾಗಿ ಉಜ್ಜು, ತಿಕ್ಕು, ಕೆರೆ, ಯಾವುದೂ ಹೊಂದುವುದಿಲ್ಲ. ನೀರು ಹಾಕಿ, ಬಾಯಿ ಮುಚ್ಚಿ, ಸುತ್ತಲೂ ಆಡಿಸಿ ಚೆಲ್ಲುವುದಕ್ಕೆ "ಗಲಬರಿಸು" ಅಂತ ಬರೆದೆ, ಪಾತ್ರೆ ಗಲಬರಿಸುವ ಹಾಗೆ. ಓದಿದ ಇಬ್ಬರಲ್ಲಿ ಒಬ್ಬರಿಗೆ ಪದ ಗೊತ್ತಿರಲಿಲ್ಲ. "ಜಾಲಾಡಿಸು" ಹಾಕಿದರೆ ಬಟ್ಟೆ ಕಣ್ಣಿಗೆ ಬರುತ್ತದೆ ಅಂದರು. ನನಗೆ ಗಲಬರಿಸು ಬಿಡಲು ಮನಸ್ಸಿಲ್ಲ. ಒಳಗೆ ನೀರು ಮಾಡುವ ಸದ್ದೂ ಅದರಲ್ಲಿ ಕೇಳುತ್ತದೆ.

ವೆಲ್ಡಿಂಗ್, ಪೇಂಟಿಂಗ್, ಗ್ಯಾರೇಜ್ ಕೆಲಸದವರ ಜೊತೆ ಒಡನಾಟ ಇರುವವರು ದಯವಿಟ್ಟು ಹೇಳಿ. ಬಣ್ಣ ಹೊಡೆಯುವ ಮುಂಚೆ ಉಜ್ಜಿಟ್ಟ ತಗಡು ಬೆಳಗಾಗುವಷ್ಟರಲ್ಲಿ ಕೆಂಪಾಗಿದ್ದರೆ ಅವರು ಏನನ್ನುತ್ತಾರೆ? ಅವರ ಬಾಯಲ್ಲಿ ಆಗಲೇ ಒಂದು ಪದ ಇದ್ದರೆ ನನ್ನ ಎಳೆತುಕ್ಕನ್ನು ತೆಗೆದು ಅದನ್ನೇ ಹಾಕುತ್ತೇನೆ.