ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಯ್ತು: ಹೈಡ್ರಾಲಿಕ್ ಬಿಟ್ಟು ಏರ್ ಬ್ರೇಕಿನ ಮೋಟರ್‌ಹೋಮ್ ತಗೊಳ್ಳಲಾ?

ಗಾಲಿಮನೆ:
ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಹುಡುಕಿ ಹುಡುಕಿ ಸಾಕಾಗಿದೆ. ಈಗ ಎರಡು ಗಾಡಿ ಉಳಿದಿವೆ. ಒಂದು ಹೈಡ್ರಾಲಿಕ್ (ಆಯಿಲ್ ಒತ್ತಡದಲ್ಲಿ ಹಿಡಿಯೋ ಬ್ರೇಕ್), ಎಲ್ಲ ಚಕ್ರಕ್ಕೂ ಡಿಸ್ಕ್. ಇನ್ನೊಂದು ಏರ್ ಬ್ರೇಕ್ (ಗಾಳಿ ಒತ್ತಡದಲ್ಲಿ ಹಿಡಿಯೋದು), ಡ್ರಮ್. ಮೊದಲನೆಯದನ್ನು ಓಡಿಸಿ ನೋಡಿದೆ. ಉದ್ದದ ಇಳಿಜಾರು ಮುಗಿಯುವ ಹೊತ್ತಿಗೆ ಪೆಡಲ್ ಮೆತ್ತಗಾಗಿ ಪೂರ್ತಿ ಒಳಗೆ ಹೋಯಿತು. ಜೀವ ಬಾಯಿಗೆ ಬಂತು. ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಮತ್ತೆ ಗಟ್ಟಿ. ಮಾರುವವರು "ಇದೆಲ್ಲ ಮಾಮೂಲಿ" ಅಂತಾರೆ. ಏರ್ ಬ್ರೇಕಿನದು ತಗೊಂಡರೆ ಈ ತಲೆನೋವು ಇರಲ್ಲ ಅಲ್ವಾ?

ಗಾಳಿಟ್ಯಾಂಕ್:
ಕಣ್ಣು ಮುಚ್ಚಿ ಏರ್ ತಗೊಳ್ಳಿ. ಅದರಲ್ಲಿ ಬಿಸಿಗೆ ಕುದಿಯೋಕೆ ಬ್ರೇಕ್ ಆಯಿಲ್ಲೇ ಇಲ್ಲ. ಗಾಳಿ ಪೂರ್ತಿ ಸೋರಿದರೂ ಸ್ಪ್ರಿಂಗ್ ಬ್ರೇಕ್ (ಗಾಳಿ ಹೋದರೆ ಸ್ಪ್ರಿಂಗ್ ಬಲದಲ್ಲೇ ಹಿಡಿಯೋದು) ತಾನಾಗಿಯೇ ಹಿಡಿಯುತ್ತದೆ. ಭಾರಿ ಗಾಡಿಗಳಿಗೆ ಅದನ್ನು ಸುಮ್ನೆ ಹಾಕಲ್ಲ.

ಹಳೇಸ್ಪಾನರ್:
ಮೊದಲು ಇದು ಹೇಳಿ. ಡೀಸೆಲ್ಲಾ ಪೆಟ್ರೋಲಾ? ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಇಂಜಿನ್ನಿಂದಲೇ ವೇಗ ತಗ್ಗಿಸೋದು) ಇದೆಯಾ? ಯಾವ ಗೇರಿನಲ್ಲಿ ಇಳಿದಿರಿ? ತೂಕ ಎಷ್ಟು?

ಬಿಸಿಯಲ್ಲಿ ಮೆತ್ತಗೆ, ತಣಿದ ಮೇಲೆ ಗಟ್ಟಿ ಅಂದರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿಗುಳ್ಳೆ ಆಗಿದೆ. ಹೊಸ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಕುದಿಯದೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು. ನೀರು ಹೀರಿಕೊಂಡ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಮೋಟರ್‌ಹೋಮ್ ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಕಿಲೋಮೀಟರ್ ಕಮ್ಮಿ ಅಂತ ಆಯಿಲನ್ನು ಯಾರೂ ಮುಟ್ಟಲ್ಲ. ಪೂರ್ತಿ ಬ್ಲೀಡ್ ಮಾಡಿ (ಹಳೆಯದನ್ನು ಹೊರಗೆ ಹರಿಸಿ) ಹೊಸದು ಹಾಕಿಸಿ, ಸರಿಹೋಗುತ್ತದೆ.

ಬೆಟ್ಟದಾರಿ:
ಡಾಟ್ 5 ಹಾಕಿ. ನೀರೇ ಹೀರಲ್ಲ.

ಹಳೇಸ್ಪಾನರ್:
ದಯವಿಟ್ಟು ಬೇಡ. ಡಾಟ್ 5 ಸಿಲಿಕೋನ್. 3, 4ರ ಜೊತೆ ಬೆರೆಯಲ್ಲ. ಒಳಗೆ ಸೇರಿದ ನೀರು ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ.

ಬೆಟ್ಟದಾರಿ:
ನಾನು ಹೇಳಿದ್ದು 5.1.

ಹಳೇಸ್ಪಾನರ್:
ಬರೆದಿದ್ದು 5. ನೀರು ಹೀರದಿರೋದೂ ಅದೇ, 5.1 ಹೀರುತ್ತದೆ. ಯಾರಾದರೂ ಓದಿ ಅದನ್ನೇ ಹಾಕಿಬಿಟ್ಟರೆ?

ಲೈನರ್:
ಏರ್ ಬ್ರೇಕಿಗೆ ಬಿಸಿಯ ಕಾಟ ಇಲ್ಲ ಅನ್ನೋದನ್ನು ನಂಬಬೇಡಿ. ಡ್ರಮ್ ಬಿಸಿಗೆ ಹಿಗ್ಗಿ ಶೂನಿಂದ (ಡ್ರಮ್ಮಿಗೆ ಒಳಗಿನಿಂದ ಉಜ್ಜಿ ಹಿಡಿಯೋ ಭಾಗ) ದೂರ ಸರಿಯುತ್ತದೆ. ಶೂ ಒತ್ತಲು ಗಾಳಿ ತಳ್ಳುವ ಪುಶ್‌ರಾಡ್ ಇನ್ನೂ ಮುಂದಕ್ಕೆ ಬರಬೇಕಾಗುತ್ತದೆ. ಸ್ಲ್ಯಾಕ್ ಅಡ್ಜಸ್ಟರ್ (ಆ ರಾಡಿನ ಚಲನೆ ಹೊಂದಿಸೋ ಲಿವರ್) ಸಡಿಲ ಇದ್ದರೆ ರಾಡ್ ಕೊನೆ ಮುಟ್ಟಿ ನಿಲ್ಲುತ್ತದೆ, ಚಕ್ರಕ್ಕೆ ಹಿಡಿತ ಸಿಗಲ್ಲ. ಕಾಲಿಗೆ ಮಾತ್ರ ಪೆಡಲ್ ಎಂದಿನಂತೆಯೇ ಇರುತ್ತದೆ. ನನಗೆ ಭಯ ಇರೋದು ಅದಕ್ಕೇ.

ಹೋದಾಗ ಹೀಗೆ ನೋಡಿ. ಚಕ್ರಕ್ಕೆ ಅಡ್ಡ ಕೊಡಿ. ಗಾಳಿ ಒತ್ತಡದ ಗೇಜ್ 120 ಪಿಎಸ್‌ಐ ಆಸುಪಾಸು ಬಂದ ಮೇಲೆ ಇಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು ಪೆಡಲ್ ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಆಗುವ ಇಳಿತ ಲೆಕ್ಕಕ್ಕಿಲ್ಲ. ಆಮೇಲೆ ಒಂದು ನಿಮಿಷದಲ್ಲಿ 3 ಪಿಎಸ್‌ಐಗಿಂತ ಜಾಸ್ತಿ ಬಿದ್ದರೆ ಎಲ್ಲೋ ಸೋರುತ್ತಿದೆ. ಕೀ ಆನ್ ಇಟ್ಟು ಪೆಡಲ್ ಒತ್ತುತ್ತಾ ಬಿಡುತ್ತಾ ಹೋಗಿ. 60ರ ಹತ್ತಿರ ಎಚ್ಚರಿಕೆ ಬರಲೇಬೇಕು. ಟ್ಯಾಂಕಿನ ಡ್ರೇನ್ ಎಳೆದಾಗ ಜಾಸ್ತಿ ನೀರು ಬಂದರೆ ಗಾಳಿಯ ತೇವ ತೆಗೆಯೋ ಡ್ರೈಯರ್ ನೋಡಿಸಿ.

ಗಾಳಿಟ್ಯಾಂಕ್:
ನನ್ನದಕ್ಕೆ ಆಟೋ ಅಡ್ಜಸ್ಟರ್, ಹೊಸ ಡ್ರೈಯರ್, ಇಂಜಿನ್ನಿಂದಲೇ ವೇಗ ತಗ್ಗಿಸೋ ಇಂಜಿನ್ ಬ್ರೇಕ್ ಎಲ್ಲ ಇದೆ. ಎಂಥ ಇಳಿಜಾರಿದ್ದರೂ ಪೆಡಲ್ ಮುಟ್ಟೋದೇ ಅಪರೂಪ.

ಲೈನರ್:
ಹಾಗಾದರೆ ನಿಮ್ಮನ್ನು ಕಾಪಾಡ್ತಿರೋದು ಇಂಜಿನ್ ಬ್ರೇಕ್, ಏರ್ ಬ್ರೇಕ್ ಅಲ್ಲ.

ಗಾಲಿಮನೆ:
ಪೆಟ್ರೋಲ್. ಎಕ್ಸಾಸ್ಟ್ ಬ್ರೇಕ್ ಇಲ್ಲ. ಡಿ ಗೇರಿನಲ್ಲೇ ಇಳಿದೆ. ತೂಕ ಹಾಕಿಸಿಲ್ಲ. ನಿಲ್ಲಿಸಿದಾಗ ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ, ರಿಮ್ ಹತ್ತಿರ ಕೈ ಒಯ್ಯೋಕಾಗದಷ್ಟು ಬಿಸಿ. ಉಳಿದವು ಬೆಚ್ಚಗಿದ್ದವು ಅಷ್ಟೇ.

ಹಳೇಸ್ಪಾನರ್:
ಆಯಿಲ್ ಕುದ್ದಿದ್ದು ಅಲ್ಲೇ. ಮೊದಲು ಆಯಿಲ್ ಬದಲಿಸಿ.

ಲೈನರ್:
ಕುದ್ದಿದೆ ಸರಿ ಸರ್, ಒಂದೇ ಚಕ್ರ ಯಾಕೆ ಅಷ್ಟು ಬಿಸಿ? ಅಲ್ಲಿ ಬ್ರೇಕ್ ಬಿಡ್ತಾ ಇಲ್ಲ. ಜಾಕ್ ಹಾಕಿ ಚಕ್ರ ಎತ್ತಿ. ಪೆಡಲ್ ಒತ್ತಿ ಬಿಟ್ಟು, ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಆಯಿಲ್ ಹೊರಬಿಡೋ ಬ್ಲೀಡರ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಅಂತ. ಸಾಮಾನ್ಯವಾಗಿ ರಬ್ಬರ್ ಹೋಸ್ ಒಳಗಡೆ ಉಬ್ಬಿ ಮುಚ್ಚಿಕೊಂಡಿರುತ್ತದೆ. ಆಗಲೂ ಬಿಡದಿದ್ದರೆ ಡಿಸ್ಕ್ ಹಿಡಿಯೋ ಕ್ಯಾಲಿಪರಿನ ಪಿಸ್ಟನ್ ಅಥವಾ ಅದು ಜಾರೋ ಸ್ಲೈಡ್ ಪಿನ್ ಜಾಮ್. ಇದು ಸರಿಮಾಡದೆ ಹೊಸ ಆಯಿಲ್ ಹಾಕಿದರೆ ಅದೂ ಕುದಿಯುತ್ತದೆ. ಇನ್ನು ಮೇಲೆ ಇಳಿಜಾರು ಶುರುವಾಗೋ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ.

ಗಾಲಿಮನೆ:
ಮಾರುವವರು ಜಾಕ್ ಹಾಕೋಕೆ ಬಿಡಲ್ಲ ಅಂದರು. ಆ ಗಾಡಿ ನನಗೆ ಬೇಡ. ಏರ್ ಬ್ರೇಕಿನದಕ್ಕೆ ಅಡ್ಜಸ್ಟರ್ ಮ್ಯಾನುಯಲ್ಲೋ ಆಟೋನೋ ಅಂತ ನೋಡಿ ಗುರುತಿಸೋದು ಹೇಗೆ?

ಬೆಟ್ಟದಾರಿ:
ಲೈಸೆನ್ಸ್ ನೋಡಿಕೊಂಡ್ರಾ? ಕೆಲವು ಕಡೆ ಏರ್ ಬ್ರೇಕ್ ಓಡಿಸೋಕೆ ಬೇರೆ ಪರೀಕ್ಷೆ ಇದೆ.

ಗಾಲಿಮನೆ:
ಅದು ವಿಚಾರಿಸ್ತೀನಿ. ಅಡ್ಜಸ್ಟರ್ ಬಗ್ಗೆ ಯಾರಾದರೂ ಹೇಳಿ, ನಾಳೆ ನೋಡೋಕೆ ಹೋಗ್ತಿದೀನಿ.